ಬರಲಿರುವ ಯಂತ್ರದ ನಿರೀಕ್ಷೆ: ಹೈದರಾಬಾದಿನಲ್ಲಿ ರೇಡಿಯೊದಿಂದ ಮೊಬೈಲಿನವರೆಗೆ

ಮನೆಬಳಕೆಯ ವಿದ್ಯುನ್ಮಾನ ಸಾಧನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅವು ಮಾರುಕಟ್ಟೆಗೆ ಬಂದ ವರ್ಷದಿಂದ ಆರಂಭಿಸುವುದು ವಾಡಿಕೆ. ಆದರೆ ಯಾವ ಸಾಧನವೇ ಆಗಲಿ, ಅಂಗಡಿಯ ಗಾಜಿನ ಕಪಾಟಿಗೆ ಬರುವ ಮೊದಲೇ ಜನರ ಮಾತಿಗೆ ಬಂದಿರುತ್ತದೆ. ಅದು ಯಾವಾಗ ಬಂದೀತು, ಬೆಲೆ ಎಷ್ಟಾದೀತು, ಮನೆಯಲ್ಲಿರುವುದನ್ನು ಈಗಲೇ ಮಾರಿಬಿಡುವುದೋ ಇನ್ನೊಂದು ವರ್ಷ ಓಡಿಸುವುದೋ ಎಂಬ ಲೆಕ್ಕಾಚಾರ ಮನೆಮನೆಯಲ್ಲಿ ನಡೆದಿರುತ್ತದೆ. ಸುದ್ದಿ, ವದಂತಿ, ಅಂದಾಜು, ಆಸೆ ಎಲ್ಲವೂ ಬೆರೆತ ಈ ಲೆಕ್ಕಾಚಾರವನ್ನೇ ಈ ಲೇಖನದಲ್ಲಿ ‘ನಿರೀಕ್ಷೆ’ ಎಂದು ಕರೆಯಲಾಗಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆ ಇಂಥ ನಡವಳಿಕೆಯನ್ನು ಆತುರವೆಂದು ಬದಿಗೆ ಸರಿಸುತ್ತದೆ. ಆದರೆ ಹಲವು ತಿಂಗಳ ಸಂಬಳಕ್ಕೆ ಸಮನಾದ ಬೆಲೆಯ ವಸ್ತುವನ್ನು ಆಯುಷ್ಯದಲ್ಲಿ ಒಂದೆರಡು ಸಲ ಮಾತ್ರ ಕೊಳ್ಳಬಲ್ಲ ಕುಟುಂಬಕ್ಕೆ ಮುಂದೆ ಬರುವುದೇನೆಂದು ಊಹಿಸುವುದು ಸಂಸಾರ ತೂಗಿಸುವ ಕೆಲಸದ ಭಾಗವೇ ಆಗಿತ್ತು. ಆ ಊಹೆ ತಪ್ಪಿದರೆ ಅದರ ನಷ್ಟವನ್ನು ಅದೇ ಕುಟುಂಬ ವರ್ಷಗಟ್ಟಲೆ ಹೊರಬೇಕಾಗುತ್ತಿತ್ತು.

ಈ ಚರಿತ್ರೆಯ ಅಧ್ಯಯನಕ್ಕೆ ಹೈದರಾಬಾದು ಹಲವು ಕಾರಣಗಳಿಂದ ಒದಗಿಬರುತ್ತದೆ. 1948ರವರೆಗೆ ನಿಜಾಮರ, ಆ ಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಧಾನಿಯಾಗಿದ್ದ ಈ ಊರು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಕಚೇರಿ, ಕಾಲೇಜು, ಸಗಟು ಪೇಟೆಗಳ ಊರಾಗಿತ್ತು. ಭಾಷಾವಾರು ಪ್ರಾಂತಗಳ ರಚನೆಯಲ್ಲಿ ಆ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹೈದರಾಬಾದಿನೊಂದಿಗಿನ ಕೊಳ್ಳುಕೊಡುಗೆ ನಿಲ್ಲಲಿಲ್ಲ. ಊರಿನೊಳಗೂ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳಂಥ ಸಂಸ್ಥೆಗಳ ಸುತ್ತ ಕನ್ನಡ ಸಮಾಜವೊಂದು ನೆಲೆನಿಂತಿತು. ಆದ್ದರಿಂದ ರೇಡಿಯೊ, ಟೆಲಿವಿಷನ್, ಉಪಗ್ರಹ ವಾಹಿನಿ ಮೊದಲಾದವು ಕಲ್ಯಾಣ ಕರ್ನಾಟಕದ ಕನ್ನಡಿಗರನ್ನು ತಲುಪಿದ ದಾರಿ ಅನೇಕ ಸಲ ಬೆಂಗಳೂರಿನದಾಗಿರದೆ ಹೈದರಾಬಾದಿನದಾಗಿತ್ತು. ಈ ಊರಿನ ನಿರೀಕ್ಷೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಎರಡು ಪ್ರಶ್ನೆಗಳು ಮರುಕಳಿಸುತ್ತವೆ: ಹೊಸದು ನಮ್ಮವರೆಗೆ ಬರುತ್ತದೆಯೇ ಎಂಬುದು ಒಂದು, ಬಂದರೆ ನಮ್ಮ ಮಾತಿನಲ್ಲಿ ಬರುತ್ತದೆಯೇ ಎಂಬುದು ಇನ್ನೊಂದು. ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ಕಾಲಕಾಲಕ್ಕೆ ಬದಲಾದ ಬಗೆಯನ್ನು ಗುರುತಿಸುವುದು ಇಲ್ಲಿನ ಉದ್ದೇಶ.

ಚಿರಾಗ್ ಅಲಿ ಗಲ್ಲಿಯಿಂದ ಆಕಾಶಕ್ಕೆ

ಹೈದರಾಬಾದಿನ ಮೊದಲ ಬಾನುಲಿ ಕೇಂದ್ರ ಒಬ್ಬ ಹವ್ಯಾಸಿಯ ಸಾಹಸ. ಅಂಚೆ ಮತ್ತು ತಂತಿ ಇಲಾಖೆಯಲ್ಲಿದ್ದ ಮೆಹಬೂಬ್ ಅಲಿ ಎಂಬವರು 1930ರ ದಶಕದ ಆರಂಭದಲ್ಲಿ ಆಬಿಡ್ಸ್ ಬಳಿಯ ಚಿರಾಗ್ ಅಲಿ ಗಲ್ಲಿಯಲ್ಲಿ 200 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನು, ಅಂದರೆ ಧ್ವನಿಯನ್ನು ವಿದ್ಯುತ್ಕಾಂತೀಯ ಅಲೆಗಳಾಗಿಸಿ ಹೊರಗೆ ಕಳುಹಿಸುವ ಯಂತ್ರವನ್ನು, ಸ್ಥಾಪಿಸಿದರು. ನಿಜಾಮ್ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು 1935ರ ಫೆಬ್ರುವರಿ 3ರಂದು ಅಧಿಕೃತ ಪ್ರಸಾರಕ್ಕೆ ತೊಡಗಿತು. ಮುಂದೆ ಅದು ದಕ್ಕನ್ ರೇಡಿಯೊ ಎಂದು ಹೆಸರಾಯಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಸಣ್ಣ ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದ್ದನ್ನು ನೆನೆದರೆ, ಕನ್ನಡಿಗರಿದ್ದ ಎರಡು ಸಂಸ್ಥಾನಗಳಲ್ಲೂ ಬಾನುಲಿ ಮೊದಲು ವ್ಯಕ್ತಿಗಳ ಉತ್ಸಾಹವಾಗಿ ಹುಟ್ಟಿ, ತರುವಾಯ ಪ್ರಭುತ್ವದ ಸೊತ್ತಾಯಿತೆಂಬುದು ಸ್ಪಷ್ಟವಾಗುತ್ತದೆ.

ಆ ಕಾಲದ ರೇಡಿಯೊ ಕವಾಟಗಳಿಂದ, ಅಂದರೆ ಒಳಗೆ ತಂತಿ ಕಾದು ಕೆಂಪಾಗುವ ಗಾಜಿನ ಬುರುಡೆಗಳಿಂದ, ನಡೆಯುವ ಭಾರವಾದ ಪೆಟ್ಟಿಗೆ. ಗುಂಡಿ ತಿರುವಿದೊಡನೆ ಅದು ಮಾತನಾಡುತ್ತಿರಲಿಲ್ಲ. ಬುರುಡೆ ಕಾಯುವ ತನಕ ಕೇಳುಗರು ಕಾಯಬೇಕಾಗಿತ್ತು. ಮಾಳಿಗೆಯ ಮೇಲೆ ಎರಡು ಕಂಬಗಳ ನಡುವೆ ತಾಮ್ರದ ತಂತಿ ಎಳೆಯಬೇಕಾಗಿತ್ತು, ವರ್ಷವರ್ಷವೂ ಪರವಾನಗಿ ಶುಲ್ಕ ಕಟ್ಟಬೇಕಾಗಿತ್ತು. ಸ್ವತಂತ್ರ ಭಾರತದಲ್ಲಿಯೂ ಅಂಚೆ ಕಚೇರಿಯಲ್ಲಿ ಕಟ್ಟುವ ಈ ಶುಲ್ಕದ ಪದ್ಧತಿ 1980ರ ದಶಕದ ನಡುವಿನವರೆಗೆ ಉಳಿದಿತ್ತು. ಇಂಥ ಪೆಟ್ಟಿಗೆಯನ್ನು ಕೊಳ್ಳುವವರು ಯಂತ್ರದ ಜತೆಗೆ ಅದರಲ್ಲಿ ಕೇಳಿಸುವುದನ್ನೂ ಕೊಳ್ಳುತ್ತಿದ್ದರು. ದಕ್ಕನ್ ರೇಡಿಯೊ ಉರ್ದುವಿನ ಜತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲೂ ಕಾರ್ಯಕ್ರಮಗಳನ್ನು ಕೊಟ್ಟಿದ್ದರಿಂದ, ಆಡಳಿತದಲ್ಲಿಯೂ ಉನ್ನತ ಶಿಕ್ಷಣದಲ್ಲಿಯೂ ಉರ್ದುವೇ ಪ್ರಧಾನವಾಗಿದ್ದ ಆ ರಾಜ್ಯದಲ್ಲಿ ಕನ್ನಡ ಕೇಳಿಸುವ ಆ ಸ್ವಲ್ಪ ಹೊತ್ತೇ ಕನ್ನಡಿಗರ ಪಾಲಿಗೆ ರೇಡಿಯೊ ಕೊಳ್ಳಲು ಒಂದು ಕಾರಣವಾಗಬಹುದಾಗಿತ್ತು. ಸಾಧನದ ಬೆಲೆಯನ್ನು ಅದರೊಳಗಿನ ಭಾಷೆಯಿಂದ ಅಳೆಯುವ ಈ ರೂಢಿ ಮುಂದಿನ ಎಲ್ಲ ಘಟ್ಟಗಳಲ್ಲೂ ಕಾಣಿಸಿಕೊಳ್ಳುತ್ತದೆ.

ಹೊಸದನ್ನು ಕೊಳ್ಳದೆಯೂ ಕಣ್ಣಾರೆ ಕಾಣುವ ಅವಕಾಶವನ್ನು ಊರಿಗೆ ಒದಗಿಸಿದ್ದು ನುಮಾಯಿಶ್. ಉರ್ದುವಿನಲ್ಲಿ ಪ್ರದರ್ಶನವೆಂಬ ಅರ್ಥದ ಈ ವಾರ್ಷಿಕ ಮೇಳವನ್ನು ಉಸ್ಮಾನಿಯಾ ಪದವೀಧರರ ಸಂಘ 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಆರಂಭಿಸಿತು. ಮುಲ್ಕಿ, ಅಂದರೆ ಸ್ವದೇಶದಲ್ಲಿ ತಯಾರಾದ ವಸ್ತುಗಳನ್ನು ಜನರಿಗೆ ಪರಿಚಯಿಸುವುದು ಅದರ ಮೂಲ ಉದ್ದೇಶವಾಗಿತ್ತು. 1946ರಲ್ಲಿ ಅದು ನಾಂಪಲ್ಲಿಯ ಈಗಿನ ಮೈದಾನಕ್ಕೆ ಸ್ಥಳಾಂತರಗೊಂಡಿತು. ಸ್ವಾತಂತ್ರ್ಯಾನಂತರ ಅಖಿಲ ಭಾರತ ಕೈಗಾರಿಕಾ ಪ್ರದರ್ಶನವಾಗಿ ಬೆಳೆದು, ಜನವರಿ 1ರಿಂದ ಫೆಬ್ರುವರಿ ನಡುವಿನವರೆಗೆ ನಡೆಯುವ ಊರಹಬ್ಬವಾಯಿತು. ವರ್ಷಕ್ಕೊಮ್ಮೆ ಕುಟುಂಬ ಸಮೇತ ಹೋಗಿ, ಮಳಿಗೆಯಿಂದ ಮಳಿಗೆಗೆ ನಡೆದು, ವಸ್ತುವನ್ನು ಮುಟ್ಟಿ ನೋಡಿ, ಬೆಲೆ ವಿಚಾರಿಸಿ, ಕೊಳ್ಳದೆ ಮನೆಗೆ ಮರಳಿ, ಬರುವ ವರ್ಷದ ಮಾತಾಡುವ ಕ್ರಮಕ್ಕೆ ಅಲ್ಲಿ ಎಡೆಯಿತ್ತು. ನಿರೀಕ್ಷೆಗೆ ಹೀಗೆ ಒಂದು ಪಂಚಾಂಗ ದೊರೆಯಿತು.

1950ರ ಏಪ್ರಿಲ್ 1ರಂದು ದಕ್ಕನ್ ರೇಡಿಯೊ ಆಕಾಶವಾಣಿಯ ಜಾಲಕ್ಕೆ ಸೇರಿತು. ಕಲಬುರಗಿಗೆ ಆಕಾಶವಾಣಿ ಕೇಂದ್ರ ದೊರೆತದ್ದು 1966ರಲ್ಲಿ. ಈ ಎರಡು ವರ್ಷಗಳ ನಡುವಣ ಅವಧಿಯಲ್ಲಿಯೇ ರೇಡಿಯೊದ ರೂಪ ಬದಲಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ರೂಪುಗೊಂಡ ಟ್ರಾನ್ಸಿಸ್ಟರ್, ಕವಾಟದ ಕೆಲಸವನ್ನು ಕಾಳಿನಷ್ಟು ಚಿಕ್ಕ ಅರೆವಾಹಕದಿಂದ, ಅಂದರೆ ವಿದ್ಯುತ್ತನ್ನು ಭಾಗಶಃ ಮಾತ್ರ ಹರಿಯಗೊಡುವ ವಸ್ತುವಿನಿಂದ, ಮಾಡಿಸತೊಡಗಿತು. ಬ್ಯಾಟರಿಯಿಂದ ನಡೆಯುವ, ಹೊಲಕ್ಕೂ ಒಯ್ಯಬಹುದಾದ ಪುಟ್ಟ ರೇಡಿಯೊ ಬಂದ ಮೇಲೆ ಕನ್ನಡದ ಹಳ್ಳಿಗಳಲ್ಲಿ ಒಳಗಿನ ಬಿಡಿಭಾಗದ ಹೆಸರೇ ಇಡೀ ಯಂತ್ರಕ್ಕೆ ಅಂಟಿ, ಅದು ಟ್ರಾನ್ಸಿಸ್ಟರ್ ಎಂದೇ ರೂಢಿಯಾಯಿತು. ವಿದ್ಯುತ್ತು ಬರುವ ಮುನ್ನವೇ ಹಳ್ಳಿಗೆ ಧ್ವನಿ ಬಂದದ್ದು ಹೀಗೆ. ಹೊಸ ಯಂತ್ರ ಬರಬೇಕಾದರೆ ಮೊದಲು ಕರೆಂಟು ಬರಬೇಕೆಂಬ ಅಂದಾಜು ಈ ಒಂದು ವಿಷಯದಲ್ಲಿ ಸುಳ್ಳಾಯಿತು.

ಒಂದು ವರ್ಷದ ಟೆಲಿವಿಷನ್

ಟೆಲಿವಿಷನ್ನಿನ ನಿರೀಕ್ಷೆ ಹೈದರಾಬಾದಿನಲ್ಲಿ ವಿಶಿಷ್ಟ ರೂಪ ತಾಳಿತು. ಏಕೆಂದರೆ ಅಲ್ಲಿ ಪ್ರಸಾರ ಕೇಂದ್ರ ಬರುವ ಮೊದಲೇ ಟಿವಿ ಪೆಟ್ಟಿಗೆ ತಯಾರಾಗುತ್ತಿತ್ತು. ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿ 1967ರ ಏಪ್ರಿಲ್‌ನಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಸಂಕ್ಷೇಪವಾಗಿ ಇ.ಸಿ.ಐ.ಎಲ್., ಊರಿನ ಈಶಾನ್ಯದ ಅಂಚಿನಲ್ಲಿ ನೆಲೆಗೊಂಡಿತು. ಅದರ ಸ್ಥಾಪಕರಾದ ಎ.ಎಸ್. ರಾವ್ ಅವರ ಹೆಸರು ಇಂದಿಗೂ ಅಲ್ಲಿನ ಬಡಾವಣೆಗಿದೆ. ಅಣುಸ್ಥಾವರಗಳ ನಿಯಂತ್ರಣ ಉಪಕರಣಗಳ ಜತೆಗೆ ಈ ಸಂಸ್ಥೆ ದೇಶೀಯ ಗಣಕಯಂತ್ರವನ್ನೂ ಇ.ಸಿ. ಹೆಸರಿನ ಟಿವಿಗಳನ್ನೂ ತಯಾರಿಸಿತು. ಕಾರ್ಖಾನೆಯ ಗೇಟಿನಿಂದ ಹೊರಬಿದ್ದ ಪೆಟ್ಟಿಗೆಗಳು ಅನ್ಯ ಊರುಗಳಿಗೆ ಹೋಗುತ್ತಿದ್ದಾಗ, ಅವನ್ನು ಜೋಡಿಸಿದ ಕೆಲಸಗಾರರ ಊರಿನಲ್ಲಿ ಅವು ಹಿಡಿಯಬಲ್ಲ ಪ್ರಸಾರವೇ ಇರಲಿಲ್ಲ.

ಈ ಪರಿಸ್ಥಿತಿ ಬದಲಾದದ್ದು ಸೈಟ್ ಎಂದು ಪ್ರಸಿದ್ಧವಾದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗದಿಂದ. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಬಳಕೆಗೆ ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನೇರವಾಗಿ ಉಪಗ್ರಹದಿಂದಲೇ ಚಿತ್ರ ಹಿಡಿಯುವ ಸಮುದಾಯ ಟಿವಿಗಳನ್ನು ಇಡಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು. ಆಂಧ್ರಪ್ರದೇಶದಲ್ಲಿ ಹೈದರಾಬಾದ್, ಮೇದಕ್, ಮಹಬೂಬನಗರ, ಕರ್ನೂಲು ಜಿಲ್ಲೆಗಳವು. ಪೆಟ್ಟಿಗೆಗಳನ್ನು ಪೂರೈಸಿದ್ದು ಇ.ಸಿ.ಐ.ಎಲ್. ಕಾರ್ಯಕ್ರಮಗಳನ್ನು ಸಿದ್ಧಪಡಿಸಲು ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಮೂಲ ನಿರ್ಮಾಣ ಕೇಂದ್ರಗಳನ್ನು ತೆರೆಯಲಾಯಿತು. ತೆಲುಗಿನ ಜತೆಗೆ ಕನ್ನಡದ ಕಾರ್ಯಕ್ರಮಗಳೂ ತಯಾರಾದದ್ದು ಹೈದರಾಬಾದಿನ ಕೇಂದ್ರದಲ್ಲಿ. ಬೆಂಗಳೂರಿನ ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಗುವುದಕ್ಕೆ ಆರು ವರ್ಷ ಮೊದಲೇ, ಕನ್ನಡ ನಾಡಿನ ಅತ್ಯಂತ ಒಣ ಜಿಲ್ಲೆಗಳ ಹಳ್ಳಿಗರು ಹೈದರಾಬಾದಿನಲ್ಲಿ ರೂಪುಗೊಂಡ ಕನ್ನಡ ಟೆಲಿವಿಷನ್ನನ್ನು ಅದೇ ಊರಿನಲ್ಲಿ ತಯಾರಾದ ಪೆಟ್ಟಿಗೆಯಲ್ಲಿ ನೋಡಿದರೆಂಬ ಸಂಗತಿಗೆ ಕನ್ನಡ ಮಾಧ್ಯಮ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಸ್ಥಾನ ಇನ್ನೂ ಸಂದಿಲ್ಲ.

ಆ ಸಾಧನವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಅದರ ಆಂಟೆನಾ ಸುಮಾರು 3 ಮೀಟರ್ ಅಗಲದ ಬೋಗುಣಿಯಾಕಾರದ ಚೌಕಟ್ಟು. ಅದಕ್ಕೆ ಹೊದಿಸಿದ್ದದ್ದು ಕೋಳಿಗೂಡಿಗೆ ಬಳಸುವಂಥ ತಂತಿಯ ಬಲೆ. ಬಲೆ ಹಿಡಿದ ಸಂಕೇತವನ್ನು ಮಾಮೂಲಿ ಟಿವಿ ಅರ್ಥಮಾಡಿಕೊಳ್ಳುವ ರೂಪಕ್ಕೆ ತಿರುಗಿಸುವ ಪರಿವರ್ತಕ ಎಂಬ ಸಣ್ಣ ಘಟಕವಿರುತ್ತಿತ್ತು. ಅದರ ಮುಂದೆ, ಶಾಲೆ ಅಥವಾ ಪಂಚಾಯಿತಿಯಂಥ ಸಾರ್ವಜನಿಕ ಕಟ್ಟಡದಲ್ಲಿ, ಕಪ್ಪುಬಿಳುಪಿನ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆಲ್ಲ ಕೃಷಿ, ಆರೋಗ್ಯ, ಸುದ್ದಿ, ಮನರಂಜನೆಯ ಕಾರ್ಯಕ್ರಮಗಳು ನಡೆಯುತ್ತಿದ್ದವು. ಉಪಗ್ರಹ ಒಂದು ಚಿತ್ರದ ಜತೆಗೆ ಎರಡು ಧ್ವನಿಮಾರ್ಗಗಳನ್ನು ಹೊರಬಲ್ಲದಾಗಿದ್ದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಹೊಂದಿಸುವುದು ಸಾಧ್ಯವಾಗಿತ್ತು. ಭಾಷೆಯನ್ನು ಯಂತ್ರ ಸಿದ್ಧವಾದ ಮೇಲೆ ಅಂಟಿಸದೆ, ಅದರ ವಿನ್ಯಾಸದಲ್ಲಿಯೇ ಲೆಕ್ಕಕ್ಕೆ ಹಿಡಿದ ಅಪರೂಪದ ನಿದರ್ಶನವಿದು.

ವರ್ಷದ ಗಡುವು ಮುಗಿದಾಗ ಉಪಗ್ರಹ ಹಿಂದಿರುಗಿತು. ನಿರೀಕ್ಷೆಯ ಚರಿತ್ರೆಯಲ್ಲಿ ಈ ಘಟ್ಟ ಮುಖ್ಯವಾದುದು. ಬಂದದ್ದು ಮತ್ತೆ ಹೋಗಬಹುದೆಂಬ ಪಾಠವನ್ನು ಈ ಹಳ್ಳಿಗಳು ಉಳಿದ ಕರ್ನಾಟಕಕ್ಕಿಂತ ಮೊದಲೇ ಕಲಿತವು, ಮತ್ತು ಅವುಗಳ ಪ್ರಶ್ನೆ ಟಿವಿ ಎಂದರೇನು ಎಂಬುದರಿಂದ ಟಿವಿ ಮತ್ತೆ ಯಾವಾಗ ಎಂಬುದಕ್ಕೆ ಜರುಗಿತು. ಸರ್ಕಾರ ಸೈಟ್ ಪ್ರದೇಶಗಳಲ್ಲಿ ನೆಲಮಟ್ಟದ ಪ್ರೇಷಕಗಳನ್ನು ನಿಲ್ಲಿಸಿ ಪ್ರಸಾರವನ್ನು ಮುಂದುವರಿಸಲು ತೀರ್ಮಾನಿಸಿತು. ಅದರಂತೆ 1977ರಲ್ಲಿ ಹೈದರಾಬಾದಿಗೂ ಕಲಬುರಗಿಗೂ ದೂರದರ್ಶನ ಬಂದಿತು. ರಾಜಧಾನಿ ಬೆಂಗಳೂರಿಗಿಂತ ಕಲಬುರಗಿಗೆ ಟಿವಿ ಮೊದಲು ಬಂದದ್ದರ ಹಿಂದಿನ ಕಾರಣ ಈ ಒಂದು ವರ್ಷದ ಪ್ರಯೋಗವೇ.

ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪೆಟ್ಟಿಗೆಗಳು

ಅದೇ ದಶಕದಲ್ಲಿ ನಿರೀಕ್ಷೆಗೆ ಸರ್ಕಾರದ್ದಲ್ಲದ ಇನ್ನೊಂದು ಮೂಲ ಹುಟ್ಟಿಕೊಂಡಿತು. 1973ರಲ್ಲಿ ಕಚ್ಚಾತೈಲದ ಬೆಲೆ ಏರಿದ ಮೇಲೆ ಸೌದಿ ಅರೇಬಿಯ ಮತ್ತು ಕೊಲ್ಲಿಯ ಇತರ ದೇಶಗಳಲ್ಲಿ ಕಟ್ಟಡ ಕೆಲಸ, ಚಾಲಕ ವೃತ್ತಿ, ಗುಮಾಸ್ತಿಕೆಗಳಿಗೆ ಅಪಾರ ಬೇಡಿಕೆ ಉಂಟಾಗಿ, ಹೈದರಾಬಾದಿನ ಹಳೆ ನಗರದಿಂದ ಸಾವಿರಾರು ಜನ ಅಲ್ಲಿಗೆ ದುಡಿಯಲು ಹೋದರು. ನಿಜಾಮರ ಅರಬ್ ಸೈನಿಕರ ವಂಶಸ್ಥರು ನೆಲೆಸಿದ್ದ ಬಾರ್ಕಸ್‌ನಂಥ ಮೊಹಲ್ಲಾಗಳಿಗೆ ಅರಬ್ ನಾಡಿನ ಸಂಬಂಧ ಮೊದಲಿನಿಂದಲೂ ಇತ್ತು. ಆಮದಿನ ಮೇಲೆ ಕಟ್ಟುನಿಟ್ಟಿನ ನಿರ್ಬಂಧವೂ ಭಾರೀ ಸುಂಕವೂ ಇದ್ದ ಆ ಕಾಲದಲ್ಲಿ ಜಪಾನಿನ ಟೇಪ್ ರೆಕಾರ್ಡರು ಮಧ್ಯಮ ವರ್ಗದ ಮನೆಗೆ ಬರುವ ದಾರಿಯೆಂದರೆ ರಜೆಗೆ ಊರಿಗೆ ಬಂದವರ ಸಾಮಾನು. ರೇಡಿಯೊ ಮತ್ತು ಕ್ಯಾಸೆಟ್ ಎರಡನ್ನೂ ನುಡಿಸುವ ಟೂ-ಇನ್-ಒನ್, 1979ರಲ್ಲಿ ಸೋನಿ ಹೊರತಂದ, ಕಿವಿಗೆ ಹಾಕಿಕೊಂಡು ಕೇಳುವ ವಾಕ್‌ಮನ್, ಚಿತ್ರಸುರುಳಿಯಿಲ್ಲದೆ ಮನೆಯಲ್ಲಿಯೇ ಸಿನಿಮಾ ತೋರಿಸುವ ವಿ.ಸಿ.ಆರ್. ಇವೆಲ್ಲ ಇಂಥ ಸಾಮಾನಿನೊಂದಿಗೆ ಊರು ಸೇರಿದವು.

ಕೊಲ್ಲಿಯಿಂದ ಬರುವ ಕಾಗದ, ಅಲ್ಲಿಂದಲೇ ಧ್ವನಿಮುದ್ರಿಸಿ ಕಳುಹಿಸುವ ಕ್ಯಾಸೆಟ್ಟು, ರಜೆಯ ತಿಂಗಳು ಇವೇ ಈ ನಿರೀಕ್ಷೆಯ ವಾಹಕಗಳಾದವು. ಬರುವವರಿಗೆ ಮೊದಲೇ ಪಟ್ಟಿ ಹೋಗುತ್ತಿತ್ತು. ಪಟ್ಟಿಯಲ್ಲಿ ಏನಿರಬೇಕೆಂಬುದು ಹಿಂದಿನ ವರ್ಷ ಯಾರ ಮನೆಗೆ ಏನು ಬಂದಿತ್ತೆಂಬುದನ್ನು ಅವಲಂಬಿಸಿತ್ತು. ಆದರೆ ಇಲ್ಲಿ ತಪ್ಪುವ ಅಪಾಯವೂ ದೊಡ್ಡದಾಗಿತ್ತು, ಮತ್ತು ಅದಕ್ಕೆ ತಾಂತ್ರಿಕ ಕಾರಣವಿತ್ತು. 1982ರಲ್ಲಿ ಆಗಸ್ಟ್ 15ರ ಸಮಾರಂಭ ಮತ್ತು ನವೆಂಬರ್‌ನ ದೆಹಲಿ ಏಷ್ಯನ್ ಕ್ರೀಡಾಕೂಟಗಳ ನಿಮಿತ್ತ ಭಾರತ ಬಣ್ಣದ ಪ್ರಸಾರ ಆರಂಭಿಸಿದಾಗ ಆರಿಸಿಕೊಂಡದ್ದು ಪಾಲ್ ಎಂಬ ಪದ್ಧತಿಯನ್ನು, ಅಂದರೆ ಚಿತ್ರದ ಬಣ್ಣವನ್ನು ಸಂಕೇತವಾಗಿಸಿ ಕಳುಹಿಸುವ ಒಂದು ನಿರ್ದಿಷ್ಟ ಕ್ರಮವನ್ನು. ದುಬೈ, ಕುವೈತ್‌ಗಳಲ್ಲಿಯೂ ಪಾಲ್ ಇತ್ತು. ಸೌದಿ ಅರೇಬಿಯದಲ್ಲಿದ್ದದ್ದು ಫ್ರೆಂಚ್ ಮೂಲದ ಸೆಕಾಮ್. ಸೆಕಾಮ್ ಪದ್ಧತಿಗೆ ಮಾತ್ರ ಹೊಂದಿಸಿದ ಬಣ್ಣದ ಟಿವಿ ಭಾರತದಲ್ಲಿ ಕಪ್ಪುಬಿಳುಪಿನ ಚಿತ್ರವನ್ನಷ್ಟೇ ತೋರಿಸಬಲ್ಲದು. ಹೀಗಾಗಿ ಎರಡೂ ಪದ್ಧತಿಗಳನ್ನು ಗುರುತಿಸುವ ‘ಮಲ್ಟಿ ಸಿಸ್ಟಮ್’ ಎಂಬ ಮಾತು, ಅದರ ಎಂಜಿನಿಯರಿಂಗ್ ಅರ್ಥ ಗೊತ್ತಿಲ್ಲದವರ ಬಾಯಲ್ಲಿಯೂ ಕೊಳ್ಳುವ ಎಚ್ಚರಿಕೆಯ ಮಾತಾಯಿತು. ವಿ.ಸಿ.ಆರ್.ನಲ್ಲಿಯೂ ಇದೇ ತೊಡಕು: ಸೋನಿಯ ಬೀಟಾಮ್ಯಾಕ್ಸ್, ಜೆ.ವಿ.ಸಿ.ಯ ವಿ.ಎಚ್.ಎಸ್. ಎಂಬ ಎರಡು ಬಗೆಯ ಕ್ಯಾಸೆಟ್ಟುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲವಾಗಿ, ಯಾವುದು ಉಳಿದೀತೆಂಬ ಊಹೆಯ ಮೇಲೆ ಕುಟುಂಬದ ಹಣ ನಿಂತಿತ್ತು. ಕ್ಯಾಸೆಟ್ ಬಾಡಿಗೆಗೆ ಕೊಡುವ ವಿಡಿಯೊ ಲೈಬ್ರರಿಯಲ್ಲಿ ಯಾವ ಬಗೆ ಹೆಚ್ಚಿದೆಯೆಂದು ನೋಡಿ ಯಂತ್ರ ಕೊಳ್ಳುವುದೇ ಜಾಣತನವಾಗಿತ್ತು, ವಿ.ಎಚ್.ಎಸ್. ಉಳಿದು ಬೀಟಾಮ್ಯಾಕ್ಸ್ ಮರೆಯಾದದ್ದು ಆ ಲೆಕ್ಕವನ್ನು ಸಮರ್ಥಿಸಿತು.

ಗಲ್ಲಿ, ಮಳಿಗೆ, ಮುಂದಿನ ತಿಂಗಳ ಬೆಲೆ

ಹೊರಗಿನಿಂದ ಬಂದ ಯಂತ್ರ ಕೆಟ್ಟರೆ ಕಂಪನಿಯ ಸೇವಾ ಕೇಂದ್ರವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಹೈದರಾಬಾದಿನ ಪೇಟೆಗಳು. ಬ್ರಿಟಿಷ್ ರೆಸಿಡೆಂಟನ ಭವ್ಯ ಬಂಗಲೆಯಿಂದ ಹೆಸರು ಪಡೆದ ಕೋಠಿಯ ಗುಜರಾತಿ ಗಲ್ಲಿ ವಿದ್ಯುನ್ಮಾನ ಬಿಡಿಭಾಗಗಳ ಸಗಟು ಕೇಂದ್ರವಾಯಿತು. ಆಬಿಡ್ಸ್‌ನ ಜಗದೀಶ್ ಮಾರುಕಟ್ಟೆ ಮುಂದೆ ಮೊಬೈಲು ಮಾರಾಟ ಹಾಗೂ ದುರಸ್ತಿಗೆ ಹೆಸರಾಯಿತು. ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಜನರ ಬಾಯಲ್ಲಿ ಸಿ.ಟಿ.ಸಿ., ಗಣಕಯಂತ್ರದ ಪೇಟೆಯಾಯಿತು. ಊರಿನ ಒಂದು ದೊಡ್ಡ ಮಳಿಗೆ ಸರಣಿಯ ಹೆಸರಾದ ಟಿ.ಎಂ.ಸಿ. ಎಂಬ ಮೂರಕ್ಷರದ ವಿಸ್ತರಣೆ ತಿರುಮಲ ಮ್ಯೂಸಿಕ್ ಸೆಂಟರ್ ಎಂಬುದು. ಟಿವಿ, ಫ್ರಿಜ್ ಮಾರುವ ಮಳಿಗೆಯೊಂದು ತನ್ನ ಹೆಸರಿನಲ್ಲಿ ಸಂಗೀತವನ್ನು ಉಳಿಸಿಕೊಂಡಿರುವುದು, ಹಾಡು ಮತ್ತು ಹಾಡು ಕೇಳಿಸುವ ಯಂತ್ರ ಒಂದೇ ವ್ಯಾಪಾರದ ಎರಡು ಮುಖಗಳಾಗಿದ್ದ ಕಾಲವನ್ನು ನೆನಪಿಸುತ್ತದೆ.

ಈ ಗಲ್ಲಿಗಳಲ್ಲಿ ರಿಪೇರಿ ಮಾಡುವವರು ನಿರೀಕ್ಷೆಯ ಮಧ್ಯವರ್ತಿಗಳೂ ಆಗಿದ್ದರು. ಯಾವ ಕಂಪನಿಯ ಪೆಟ್ಟಿಗೆ ಎಲ್ಲಿ ಸೋಲುತ್ತದೆ, ಯಾವುದರ ಬಿಡಿಭಾಗ ಸಿಗುತ್ತದೆ ಎಂಬ ಅವರ ತಿಳಿವಳಿಕೆ ಪೆಟ್ಟಿಗೆಯ ಹಿಂಬದಿಯನ್ನು ತೆರೆದು ನೋಡಿ ಗಳಿಸಿದ್ದು. ಆದ್ದರಿಂದಲೇ ಅವರ ಮಾತಿಗೆ ಜಾಹೀರಾತಿಗಿಲ್ಲದ ತೂಕವಿತ್ತು. ಫೆಬ್ರುವರಿ ಬಂದರೆ ಕೇಂದ್ರ ಬಜೆಟ್ಟಿನ ಮಾತು ಶುರುವಾಗುತ್ತಿತ್ತು. ಅಬಕಾರಿ ಸುಂಕ ಇಳಿದರೆ ಟಿವಿ ಅಗ್ಗವಾಗುತ್ತದೆ, ಏರಿದರೆ ಈಗಲೇ ಕೊಳ್ಳುವುದು ಲೇಸು ಎಂಬ ಸಲಹೆಗಾಗಿ ಗಿರಾಕಿ ಅಂಗಡಿಯವರನ್ನೇ ಕೇಳುತ್ತಿದ್ದುದು ಸಹಜವಾಗಿತ್ತು. 1991ರ ಉದಾರೀಕರಣದ ನಂತರ ವಿದೇಶಿ ಕಂಪನಿಗಳು ಇಲ್ಲಿಯೇ ತಯಾರಿಕೆ ಆರಂಭಿಸಿದ್ದರಿಂದ ಕೊಲ್ಲಿಯ ಪೆಟ್ಟಿಗೆಗಳ ಮಹತ್ವ ಕುಗ್ಗಿತು. ಆದರೆ ಕಾಯುವ ಲೆಕ್ಕ ಇನ್ನಷ್ಟು ಸೂಕ್ಷ್ಮವಾಯಿತು. ಗಣಕಯಂತ್ರದ ವಿಷಯದಲ್ಲಿ ಇದು ತೀರಾ ಸ್ಪಷ್ಟ. ಒಂದು ಚಿಪ್ಪಿನ ಮೇಲೆ ಕೂರುವ ಟ್ರಾನ್ಸಿಸ್ಟರುಗಳ ಸಂಖ್ಯೆ ನಿಯತ ಅವಧಿಗೊಮ್ಮೆ ಇಮ್ಮಡಿಯಾಗುತ್ತದೆಂದು ಗಾರ್ಡನ್ ಮೂರ್ 1965ರಲ್ಲಿ ಮಾಡಿದ ಅಂದಾಜು, ಮೂರನ ನಿಯಮವೆಂದು ಪ್ರಸಿದ್ಧವಾಗಿ, ಉದ್ಯಮದ ಗುರಿಯೇ ಆಗಿಬಿಟ್ಟಿತ್ತು. ಸಿ.ಟಿ.ಸಿ.ಯಲ್ಲಿ ಬಿಡಿಭಾಗಗಳನ್ನು ಆರಿಸಿ ಗಣಕ ಕಟ್ಟಿಸಿಕೊಳ್ಳುವ ಗಿರಾಕಿಯ ಪಾಲಿಗೆ ಆ ನಿಯಮದ ಅರ್ಥ ಇಷ್ಟೇ: ಇಂದು ಕೊಂಡದ್ದು ನಾಳೆ ಅಗ್ಗ. ಅಂಥವರಿಗೆ ದೊರೆತ ಪರಿಹಾರವೆಂದರೆ ಇಡೀ ಯಂತ್ರವನ್ನು ಬದಲಿಸದೆ ಮೆಮೊರಿಯನ್ನೋ ಹಾರ್ಡ್ ಡಿಸ್ಕನ್ನೋ ಮಾತ್ರ ಬದಲಿಸುತ್ತ, ಹಳೆಯದರೊಳಗೇ ಹೊಸದನ್ನು ಕೂರಿಸುವುದು. ಬಿಚ್ಚಬಹುದಾದ ಯಂತ್ರ ಗಿರಾಕಿಗೆ ಕಾಯುವ ಶಕ್ತಿಯನ್ನು ಕೊಟ್ಟಿತ್ತು.

ಮಾತಿನ ಪ್ರಶ್ನೆ ಮತ್ತೊಮ್ಮೆ

1990ರ ದಶಕದಲ್ಲಿ ಪೆಟ್ಟಿಗೆಗಿಂತ ಅದರೊಳಗೆ ಬರುವ ಸೇವೆಯೇ ನಿರೀಕ್ಷೆಯ ವಸ್ತುವಾಯಿತು. ತಟ್ಟೆ ಆಂಟೆನಾದಿಂದ ಉಪಗ್ರಹದ ವಾಹಿನಿಗಳನ್ನು ಹಿಡಿದು ತಂತಿಯ ಮೂಲಕ ಮನೆಮನೆಗೆ ಹಂಚುವ ಕೇಬಲ್ ವ್ಯವಸ್ಥೆ ಊರೂರಿಗೆ ಹಬ್ಬಿದಾಗ, ತಿಂಗಳ ಹಣ ವಸೂಲಿಗೆ ಬರುವ ಕೇಬಲ್ ಹುಡುಗನನ್ನು ಹೊಸ ವಾಹಿನಿ ಯಾವುದು, ಯಾವಾಗ ಎಂದು ಕೇಳುವುದು ರೂಢಿಯಾಯಿತು. ಹೈದರಾಬಾದಿನ ಈನಾಡು ಸಮೂಹ 1995ರ ಆಗಸ್ಟ್ 27ರಂದು ತೆಲುಗಿನ ಈಟಿವಿಯನ್ನೂ, 2000ದ ಡಿಸೆಂಬರ್ 10ರಂದು ಈಟಿವಿ ಕನ್ನಡವನ್ನೂ ಆರಂಭಿಸಿತು. ಕನ್ನಡ ಸುದ್ದಿ ವಿಭಾಗ ನಗರದ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಿಂದ ಕೆಲಸ ಮಾಡಿದ್ದರಿಂದ ಕರ್ನಾಟಕದ ಅನೇಕ ಯುವ ಪತ್ರಕರ್ತರು ವೃತ್ತಿಯ ಮೊದಲ ಪಾಠ ಕಲಿಯಲು ಹೈದರಾಬಾದಿಗೆ ಹೋದರು. ಸೈಟ್ ಪ್ರಯೋಗದ ಕಾಲು ಶತಮಾನದ ಬಳಿಕ ಕನ್ನಡದ ದೃಶ್ಯ ಮಾಧ್ಯಮ ಅದೇ ಊರಿಗೆ ಮರಳಿತು. 1975ರಲ್ಲಿ ಸರ್ಕಾರ ಮಾಡಿದ್ದನ್ನು ಈ ಬಾರಿ ಖಾಸಗಿ ಬಂಡವಾಳ ಮಾಡಿತು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಎಂಬ ಹೆಸರು ಪಡೆಯಿತು.

ಮೊಬೈಲಿನಲ್ಲಿ ಭಾಷೆಯ ಪ್ರಶ್ನೆಗೆ ಉತ್ತರ ತಡವಾಗಿ ದೊರೆಯಿತು. ಮೊದಲ ದಶಕದ ಬಹುಪಾಲು ಫೋನುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ತಂತ್ರಾಂಶವಿಲ್ಲದೆಡೆ ಕನ್ನಡ ಸಂದೇಶ ಖಾಲಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಕನ್ನಡಿಗರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ಅಭ್ಯಾಸ ಬೆಳೆಸಿಕೊಂಡದ್ದಕ್ಕೆ ಈ ಕೊರತೆಯೂ ಒಂದು ಕಾರಣ. ಭಾರತೀಯ ಭಾಷೆಗಳನ್ನು ಯಂತ್ರಕ್ಕೆ ಕಲಿಸುವ ಶಾಸ್ತ್ರದ ಕೆಲಸ ಮಾತ್ರ ಹೈದರಾಬಾದಿನ ವಿದ್ಯಾಸಂಸ್ಥೆಗಳಲ್ಲಿ ಅದಕ್ಕೂ ಮೊದಲೇ ನಡೆಯುತ್ತಿತ್ತು; ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಅನುಸಾರಕ ಎಂಬ ಯಂತ್ರಾನುವಾದ ವ್ಯವಸ್ಥೆ ನಿರ್ವಹಿಸಿದ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಪ್ರಯೋಗಾಲಯದಲ್ಲಿ ಸಾಧ್ಯವಾದದ್ದು ಜೇಬಿನ ಯಂತ್ರಕ್ಕೆ ಬರಲು ಎರಡು ದಶಕ ಬೇಕಾಯಿತು. ಭಾರತದಲ್ಲಿ ಮಾರುವ ಎಲ್ಲ ಫೋನುಗಳಲ್ಲಿ ದೇಶದ ಎಲ್ಲ ಅಧಿಕೃತ ಭಾಷೆಗಳನ್ನು ಓದಲು ಬರಬೇಕೆಂಬ ಮಾನದಂಡವನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಲು ಹೊರಟದ್ದು 2016ರಲ್ಲಿ. 2020ರ ಯುಗಾದಿಯಂದು ಹೈದರಾಬಾದಿನಿಂದ ವಿಧ್ಯುಕ್ತವಾಗಿ ಆರಂಭವಾದ ಆಹಾ ಎಂಬ ಅಂತರಜಾಲ ಚಿತ್ರಸೇವೆ ತೆಲುಗು ಎಂಬ ಒಂದೇ ಪ್ರಾದೇಶಿಕ ಭಾಷೆಯನ್ನು ನೆಚ್ಚಿ ಹೊರಟಾಗ, ನಮ್ಮ ಭಾಷೆಗೂ ಇಂಥದೊಂದು ಯಾವಾಗ ಎಂಬ ಪ್ರಶ್ನೆ ನೆರೆಯ ಕನ್ನಡಿಗರಿಗೆ ಎದುರಾಗುವುದು ಸಹಜವೇ ಆಗಿತ್ತು.

ನಿರೀಕ್ಷೆಯೇ ಸರಕಾದಾಗ

ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಿನಿಂದ ಹೈದರಾಬಾದಿನ ಸ್ಥಾನ ಬದಲಾಯಿತು. 1998ರ ನವೆಂಬರ್‌ನಲ್ಲಿ ಮಾಹಿತಿ ತಂತ್ರಜ್ಞಾನ ಕಂಪನಿಗಳ ಕಟ್ಟಡವಾದ ಸೈಬರ್ ಟವರ್ಸ್ ಉದ್ಘಾಟನೆಗೊಂಡಿತು. ಮೈಕ್ರೋಸಾಫ್ಟ್ ಅದೇ ವರ್ಷ, ಗೂಗಲ್ 2004ರಲ್ಲಿ ಇಲ್ಲಿ ಕೇಂದ್ರ ತೆರೆದವು. ಆಪಲ್ 2016ರಲ್ಲಿ ತನ್ನ ನಕ್ಷೆಗಳ ಅಭಿವೃದ್ಧಿ ಕೇಂದ್ರವನ್ನೂ, ಒನ್‌ಪ್ಲಸ್ 2019ರಲ್ಲಿ ಸಂಶೋಧನಾ ಕೇಂದ್ರವನ್ನೂ ಆರಂಭಿಸಿದವು. ಅಮೆಜಾನ್ 2019ರಲ್ಲಿ ವಿಶಾಲವಾದ ಕಚೇರಿ ಸಮುಚ್ಚಯವನ್ನು ಕಟ್ಟಿತು. 2009ರಲ್ಲಿ ಹುಟ್ಟಿದ ಊರಿನದೇ ಮೊಬೈಲು ಕಂಪನಿ ಸೆಲ್‌ಕಾನ್ 2015ರಲ್ಲಿ ಮೇಡ್ಚಲ್‌ನಲ್ಲಿ ಜೋಡಣಾ ಘಟಕ ತೆರೆಯಿತು. 2023ರಲ್ಲಿ ಕೊಂಗರ ಕಲಾನ್‌ನಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಮುಂದೆ ಬರಲಿರುವುದನ್ನು ಊಹಿಸುತ್ತಿದ್ದ ಊರಿನಲ್ಲೇ ಈಗ ಅದರ ಭಾಗಗಳು ರೂಪುಗೊಳ್ಳುತ್ತವೆ. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ ಎಂಜಿನಿಯರರು ಅದನ್ನು ಮನೆಯವರ ಮುಂದೆಯೂ ಆಡುವಂತಿಲ್ಲ.

ಇದರೊಂದಿಗೆ ಸುದ್ದಿ ಹುಟ್ಟುವ ಜಾಗವೂ ಬದಲಾಯಿತು. ಒನ್‌ಪ್ಲಸ್ ಕಂಪನಿ 2014ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ತನ್ನ ಫೋನನ್ನು ಆಹ್ವಾನವಿದ್ದವರಿಗೆ ಮಾತ್ರ ಮಾರಿತು. ಹಣವಿದ್ದರೂ ಸರದಿ ಬರಬೇಕೆಂಬ ಪರಿಸ್ಥಿತಿಯನ್ನು, ಉದಾರೀಕರಣಕ್ಕೆ ಮುಂಚಿನ ಪರವಾನಗಿ ಕಾಲದ ಕೊರತೆಯಿಂದಲ್ಲದೆ ವ್ಯಾಪಾರದ ಯೋಜನೆಯಿಂದಲೇ, ಮತ್ತೆ ತಂದಿತು. ಅದೇ ಕಂಪನಿ 2021ರಲ್ಲಿ ಹಿಮಾಯತ್‌ನಗರದಲ್ಲಿ ತೆರೆದ ಭಾರೀ ಮಳಿಗೆಗೆ ನಿಜಾಮ್ ಪ್ಯಾಲೆಸ್ ಎಂದು ಹೆಸರಿಟ್ಟಿತು. ಬಿಡುಗಡೆಯ ದಿನಾಂಕ, ಮುಂಗಡ ಬುಕಿಂಗ್, ಹಳೆಯದನ್ನು ಮರಳಿಸಿದರೆ ರಿಯಾಯಿತಿ, ತಿಂಗಳ ಕಂತು ಇವೆಲ್ಲ ಇಂದು ಕಂಪನಿಗಳೇ ಹೆಣೆಯುವ ಒಂದೇ ಬಲೆಯ ಎಳೆಗಳು. ಒಂದು ಕಾಲದಲ್ಲಿ ಜನ ತಮ್ಮ ನಡುವಿನ ಮಾತಿನಿಂದ ಕಟ್ಟಿಕೊಳ್ಳುತ್ತಿದ್ದ ನಿರೀಕ್ಷೆಯನ್ನು ಈಗ ತಯಾರಕರೇ ಯಂತ್ರದ ಜತೆಗೆ ತಯಾರಿಸುತ್ತಾರೆ.

ಹೀಗೆ ತಯಾರಾದ ನಿರೀಕ್ಷೆಯ ಇನ್ನೊಂದು ತುದಿಯನ್ನು ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಕಾಣಬಹುದು. ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಚಾರ್ಜರು, ರಿಮೋಟು, ತೆರೆ ಒಡೆದ ಫೋನುಗಳ ರಾಶಿಯಿರುತ್ತದೆ. ಪ್ರತಿಯೊಂದೂ ಒಂದಾನೊಂದು ದಿನ ಯಾರದೋ ಮನೆಯಲ್ಲಿ ಬಹುಕಾಲದಿಂದ ಕಾದ ವಸ್ತುವಾಗಿತ್ತು. ಅಲ್ಲಿ ಬಗ್ಗಿ ಕುಳಿತು ಬಿಡಿಭಾಗ ಹುಡುಕುವವರಲ್ಲಿ ಗುಜರಾತಿ ಗಲ್ಲಿಯ ರಿಪೇರಿಯವರ ಜಾಣ್ಮೆಯೇ ಮುಂದುವರಿದಿದೆ. ಅಂಟಿನಿಂದ ಮುಚ್ಚಿದ, ಬ್ಯಾಟರಿಯನ್ನೂ ಸುಲಭದಲ್ಲಿ ತೆಗೆಯಲಾಗದ ಇಂದಿನ ಫೋನುಗಳು ಆ ಜಾಣ್ಮೆಗೆ ಅವಕಾಶವನ್ನು ಕಿರಿದಾಗಿಸುತ್ತಿವೆ, ಮತ್ತು ಅದರೊಂದಿಗೆ ಗಿರಾಕಿಯ ಕಾಯುವ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುತ್ತಿವೆ.

ದಕ್ಕನ್ ರೇಡಿಯೊದಿಂದ ಇಂದಿನವರೆಗಿನ ಸುಮಾರು 90 ವರ್ಷಗಳಲ್ಲಿ ಹೈದರಾಬಾದಿನ ಕೊಳ್ಳುವವರು ಬೇರೆ ಬೇರೆ ಬಾಗಿಲುಗಳ ಮುಂದೆ ಕಾದಿದ್ದಾರೆ: ಮೊದಲು ಸರ್ಕಾರದ್ದು, ಆ ಮೇಲೆ ರಜೆಗೆ ಬರುವ ನಂಟರದು, ಆ ಮೇಲೆ ಅಂಗಡಿಯದು, ಈಗ ಕಂಪನಿಯದು. ಆರಂಭದಲ್ಲಿ ಹೇಳಿದ ಎರಡು ಪ್ರಶ್ನೆಗಳಲ್ಲಿ ಒಂದು, ಹೊಸದು ನಮ್ಮವರೆಗೆ ಬರುತ್ತದೆಯೇ ಎಂಬುದು, ಬಹುಮಟ್ಟಿಗೆ ತೀರಿದೆ. ಇಂದು ಹೊಸ ಫೋನು ರಾಯಚೂರಿಗೂ ಹೈದರಾಬಾದಿಗೂ ಒಂದೇ ದಿನ ಬರುತ್ತದೆ. ಇನ್ನೊಂದು, ಅದು ನಮ್ಮ ಮಾತಿನಲ್ಲಿ ಬರುತ್ತದೆಯೇ ಎಂಬುದು, ಪ್ರತಿ ಹೊಸ ಯಂತ್ರದ ಮುಂದೆಯೂ ಹೊಸದಾಗಿ ಏಳುತ್ತದೆ. ಮಾತನ್ನು ಕೇಳಿಸಿಕೊಂಡು ಉತ್ತರಿಸುವ ಯಂತ್ರಗಳು ಬರುತ್ತಿರುವಾಗ, ಅವು ಬೀದರಿನ ಕನ್ನಡವನ್ನೂ ರಾಯಚೂರಿನ ಕನ್ನಡವನ್ನೂ ತಿಳಿಯಬಲ್ಲವೇ ಎಂಬುದು ಬೆಲೆಗಿಂತಲೂ ಮೊದಲು ವಿಚಾರಿಸಬೇಕಾದ ಸಂಗತಿ. ಬಿಚ್ಚಿ ರಿಪೇರಿ ಮಾಡಬಹುದೇ ಎಂಬ ಗುಜರಾತಿ ಗಲ್ಲಿಯ ಪ್ರಶ್ನೆಯನ್ನೂ ಇದರೊಂದಿಗೆ ಸೇರಿಸಿ ಕೇಳುವ ಗಿರಾಕಿಗಳಿರುವವರೆಗೆ, ಮುಂದೆ ಬರುವುದು ಏನಾಗಿರಬೇಕೆಂದು ಹೇಳುವ ಹಕ್ಕಿನಲ್ಲಿ ಒಂದು ಪಾಲು ಕೊಳ್ಳುವವರ ಕೈಯಲ್ಲಿಯೂ ಉಳಿದಿರುತ್ತದೆ.